ಬೆಳಗಾವಿ ಸುತ್ತ ಕಾಡು, ಹಳೆಯ ಊರು ಎರಡೂ ಸಿಗುವ ಹಾಗೆ ಎಂಟಿಬಿ (ಗುಡ್ಡಗಾಡು, ಮಣ್ಣುದಾರಿಗೆ ಮಾಡಿದ) ಸೈಕಲ್ ತೆಗೆದುಕೊಂಡು ಎಲ್ಲಿಗೆ ಹೋಗಬಹುದು?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಕೆಲಸಕ್ಕೆ ಅಂತ ಹೊಸದಾಗಿ ಬೆಳಗಾವಿಗೆ ಬಂದಿದ್ದೀರಿ. ಮುಂದಿನ ಗಾಲಿಗೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್ ಇದೆ. ದೀಪಾವಳಿಗೆ ಎರಡು ದಿನ ರಜೆ. ಭೀಮಗಡದ ಕಾಡಿನೊಳಗೆ ನುಗ್ಗಿ, ಚೋರ್ಲಾ ಘಾಟ್ ಇಳಿಯಬೇಕು ಅಂತ ಆಸೆ. ದಾರಿಯಲ್ಲಿ ಒಂದೆರಡು ಹಳೆಯ ಊರೂ ಸಿಗಬೇಕು. ಇಷ್ಟೇ ಅಲ್ವಾ?

ಭೀಮಗಡ ಬಿಡಿ, ಚೋರ್ಲಾನೂ ಬಿಡಿ. ಮೊದಲ ದಿನ ಖಾನಾಪುರದಿಂದ ನಂದಗಡ, ಹಲಸಿ. ಎರಡನೇ ದಿನ ಜಾಂಬೋಟಿ ಮೇಲೆ ಕಣಕುಂಬಿ. ಒಂಬತ್ತು ವರ್ಷದಿಂದ ಈ ಕಡೆ ಸೈಕಲ್ ತುಳಿಯುತ್ತಿದ್ದೇನೆ. ಖಾನಾಪುರ ತಾಲ್ಲೂಕಿನಲ್ಲಿ ಸೈಕಲ್‌ಗೆ ಹೇಳಿ ಮಾಡಿಸಿದ ಜಾಗ ದಟ್ಟ ಕಾಡಿನ ನಡುವೆ ಇಲ್ಲ, ಕಾಡಿನ ಅಂಚಿನಲ್ಲಿದೆ. ಭತ್ತದ ಗದ್ದೆ ಮುಗಿದು ಮರಗಳು ಶುರುವಾಗುವ ಗೆರೆ ಇದೆಯಲ್ಲ, ಅದರ ಗುಂಟ ಎತ್ತಿನ ಬಂಡಿ ಹೋಗುವ ಕೆಂಪು ದಾರಿಗಳಿವೆ. ಹಳೆಯ ಊರುಗಳೂ ಆ ಗೆರೆಯ ಮೇಲೆಯೇ ಇವೆ. ನೀವು ಕೇಳಿದ್ದು ಎರಡೂ ಅಲ್ಲಿ ಒಟ್ಟಿಗೆ ಸಿಗುತ್ತವೆ.

ಭೀಮಗಡ ಯಾಕೆ ಬೇಡ ಅಂದರೆ, ಅದು 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ. ಸುಮಾರು 190 ಚದರ ಕಿ.ಮೀ. ಕಾಡು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. ಯಾರೋ ಒಳಗೆ ಸೈಕಲ್ ಓಡಿಸಿದ ವಿಡಿಯೊ ನೋಡಿ ನೀವೂ ಹೋಗಬೇಡಿ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ಸ್ ಬಾವಲಿ ಅಂತ ಒಂದು ಜಾತಿ ಇದೆ. ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಕಡೆ ಮಾತ್ರ ಕಂಡಿರುವ ಜೀವ ಅದು. ಅಂಥ ಜಾಗವನ್ನು ಅದರ ಪಾಡಿಗೆ ಬಿಡೋಣ. ಕಾಡಿನೊಳಗೇ ಒಂದು ರಾತ್ರಿ ಇರಬೇಕು ಅಂತಿದ್ದರೆ ಹೆಮ್ಮಡಗಾದಲ್ಲಿ ಇಲಾಖೆಯದೇ ನೇಚರ್ ಕ್ಯಾಂಪ್ ಇದೆ. ಅದಕ್ಕೆ ಸೈಕಲ್ ಇಲ್ಲದೆ ಇನ್ನೊಮ್ಮೆ ಹೋಗಿ. ಚೋರ್ಲಾ ಘಾಟ್ ಗೋವಾಕ್ಕೆ ಹೋಗುವ ಡಾಂಬರು ರಸ್ತೆ. ವಾಹನ ಜಾಸ್ತಿ, ತಿರುವು ಕಿರಿದು. ಎಂಟಿಬಿಗೆ ಅಲ್ಲಿ ಕೆಲಸವೇ ಇಲ್ಲ.

ಈಗ ದಾರಿ ಹೇಳುತ್ತೇನೆ. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿ.ಮೀ. ಹೆದ್ದಾರಿ. ಅದನ್ನು ತುಳಿದು ದಣಿಯುವುದರಲ್ಲಿ ಅರ್ಥ ಇಲ್ಲ. ಯಾರದಾದರೂ ಗಾಡಿಯಲ್ಲಿ ಸೈಕಲ್ ಹಾಕಿಕೊಂಡು ಬೆಳಿಗ್ಗೆ ಏಳಕ್ಕೆಲ್ಲ ಖಾನಾಪುರ ಮುಟ್ಟಿ. ಮಲಪ್ರಭೆ ಊರಿನ ಪಕ್ಕದಲ್ಲೇ ಹರಿಯುತ್ತಾಳೆ. ಸ್ಟ್ಯಾಂಡಿನ ಹತ್ತಿರ ಅವಲಕ್ಕಿ ತಿಂದು, ಚಹಾ ಕುಡಿದು, ನಂದಗಡದ ರಸ್ತೆ ಹಿಡಿಯಿರಿ.

ನಂದಗಡದಲ್ಲಿ ಇಳಿಯದೆ ಮುಂದೆ ಹೋಗಬೇಡಿ. ಕಿತ್ತೂರು ಚೆನ್ನಮ್ಮನ ಸೈನ್ಯದಲ್ಲಿದ್ದ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇಲ್ಲೇ. ಸಮಾಧಿಯ ಹತ್ತಿರ ದೊಡ್ಡ ಆಲದ ಮರ ಇದೆ. ಮಕ್ಕಳಿಲ್ಲದವರು ಹರಕೆ ಹೊತ್ತು ಇಲ್ಲಿ ಪುಟ್ಟ ಮರದ ತೊಟ್ಟಿಲು ಕಟ್ಟುತ್ತಾರೆ. ಹೋದ ಸಲ ಹೋದಾಗ ಒಂದು ತೊಟ್ಟಿಲಿನ ಹಳದಿ ಬಣ್ಣ ಇನ್ನೂ ಆರಿರಲಿಲ್ಲ. ಹಿಡಿಗೆ ಹಸಿರು ಬಳೆ ಕಟ್ಟಿದ್ದರು. ಗೊತ್ತಿಲ್ಲದೆ ಮುಟ್ಟಿದೆ, ಬೆರಳಿಗೆ ಬಣ್ಣ ಅಂಟಿತು. ಗಲ್ಲಿಗೇರಿದ ಮನುಷ್ಯನ ಹತ್ತಿರ ಜನ ಮಗು ಕೇಳುತ್ತಾರೆ. ಅದರ ಮುಂದೆ ನಿಂತಾಗ ನನಗೆ ಪ್ರತಿ ಸಲವೂ ಗಂಟಲು ತುಂಬಿ ಬರುತ್ತದೆ. ರಾಯಣ್ಣ ಗೆರಿಲ್ಲಾ ಯುದ್ಧ ಮಾಡಿದ್ದು ಇಂಥ ಕಾಡಿನ ಆಸರೆಯಲ್ಲೇ. ಸೈಕಲ್ ಮೇಲೆ ಈ ಏರುಗಳನ್ನು ಹತ್ತಿದರೆ ಅದು ಹೇಗಾಯಿತು ಅಂತ ಕಾಲಿಗೇ ತಿಳಿಯುತ್ತದೆ.

ನಂದಗಡ ದಾಟಿ ಹಲಸಿ ಕಡೆ ಹೊರಟರೆ ಡಾಂಬರು ಬಿಟ್ಟು ಒಳದಾರಿ ಹಿಡಿಯಬಹುದು. ಸವಾರಿಯ ನಿಜವಾದ ಮಜಾ ಇಲ್ಲಿಂದ. ಆದರೆ ಇಲ್ಲಿನ ನೆಲ ಸ್ವಲ್ಪ ಅರ್ಥ ಮಾಡಿಕೊಳ್ಳಿ. ಕೆಂಪು ಗಟ್ಟಿ ನೆಲದ ಮೇಲೆ ಗರಸು ಹರಡಿರುತ್ತದೆ, ಸಣ್ಣ ಸಣ್ಣ ದುಂಡು ಕಲ್ಲು. ಇಳಿಜಾರಿನಲ್ಲಿ ಅದರ ಮೇಲೆ ಬ್ರೇಕ್ ಒತ್ತಿದರೆ ರಾಗಿ ಚೆಲ್ಲಿದ ನೆಲದ ಮೇಲೆ ಕಾಲಿಟ್ಟ ಹಾಗೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಬಿಟ್ಟುಬಿಡಿ. ಎರಡೂ ಪೆಡಲ್ ಸಮಕ್ಕೆ ಇರಲಿ, ಸೀಟಿನಿಂದ ಸ್ವಲ್ಪ ಎದ್ದು ಮೈ ಹಿಂದಕ್ಕೆ ತನ್ನಿ. ಕಣ್ಣು ಗಾಲಿಯ ಮುಂದಿನ ಕಲ್ಲಿನ ಮೇಲಲ್ಲ, ಹತ್ತು ಮಾರು ಆಚೆ ಇರಲಿ. ಟೈರಿನ ಗಾಳಿ ಪಟ್ಟಣದಲ್ಲಿ ಇಟ್ಟಷ್ಟು ಗಟ್ಟಿ ಬೇಡ. ಎರಡು ಇಂಚಿಗಿಂತ ಅಗಲದ ಟೈರ್, ನಿಮ್ಮ ತೂಕ 70 ಕೆ.ಜಿ. ಆಸುಪಾಸು ಅಂದುಕೊಂಡರೆ, ಮುಂದೆ 28, ಹಿಂದೆ 32 ಪಿಎಸ್‌ಐ ಸಾಕು. ಟ್ಯೂಬ್ ಇರುವ ಟೈರ್ ಆದರೆ ಇದಕ್ಕಿಂತ ಇಳಿಸಬೇಡಿ. ಕಲ್ಲಿಗೆ ಬಡಿದರೆ ರಿಮ್ಮು ಟ್ಯೂಬನ್ನು ಕಚ್ಚಿ ಎರಡು ತೂತು ಮಾಡುತ್ತದೆ.

ಇದನ್ನೆಲ್ಲ ನಾನು ಪುಸ್ತಕದಿಂದ ಕಲಿತಿಲ್ಲ. ಎರಡನೇ ವರ್ಷ, ಜೂನ್ ಮೊದಲ ಮಳೆ ಬಿದ್ದ ಮಾರನೇ ದಿನ, ಒಂದು ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಮುಂದಿನ ಗಾಲಿ ಜಾರಿತು. ಮೈಗೆ ಅಷ್ಟೇನೂ ಆಗಲಿಲ್ಲ. ಆದರೆ ಗೇರ್ ತೂಗುಹಾಕುವ ಹ್ಯಾಂಗರ್ ಒಳಕ್ಕೆ ಬಾಗಿ, ಡಿರೇಲರ್, ಅಂದರೆ ಗೇರ್ ಬದಲಿಸುವಾಗ ಚೈನ್ ಸರಿಸುವ ಭಾಗ, ಗಾಲಿಯ ಕಡ್ಡಿಗೆ ತಾಗುತ್ತಿತ್ತು. ಒಂದೂವರೆ ಗಂಟೆ ತಳ್ಳಿಕೊಂಡು ಹೋದ ಮೇಲೆ ರಸ್ತೆ ಬದಿ ಒಂದು ಪಂಕ್ಚರ್ ಅಂಗಡಿ ಸಿಕ್ಕಿತು. ಆ ಅಜ್ಜ ಡಿರೇಲರ್ ನೋಡಿದ್ದು ಅದೇ ಮೊದಲಂತೆ. ಏನೂ ಮಾತಾಡಲಿಲ್ಲ. ಸೈಕಲ್ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹಲ್ಲಿನ ಚಕ್ರಕ್ಕೂ ಆ ಬಾಗಿದ ತುಂಡಿಗೂ ಗೆರೆ ಹಿಡಿದ. ಡಿರೇಲರ್ ಬಿಚ್ಚಿಸಿದ. ಹ್ಯಾಂಗರ್ ಮೇಲೆ ಹಳೆಯ ಟ್ಯೂಬಿನ ಚೂರು ಸುತ್ತಿ, ಸ್ಕ್ರೂ ಪಾನಾದಿಂದ ಹಿಡಿದು, ಕೂದಲೆಳೆಯಷ್ಟು ಎಳೆದ. ಮತ್ತೆ ನೋಡಿದ, ಮತ್ತೆ ಎಳೆದ. ನಾಲ್ಕು ಸಲ. “ತಮ್ಮಾ, ಇದು ಅಲ್ಯೂಮಿನಿಯಂ. ಗಡಬಡ ಮಾಡಿದ್ರ ಮುರೀತೈತಿ” ಅಂದ. ಆ ಹ್ಯಾಂಗರ್ ಇನ್ನೂ ಮೂರು ವರ್ಷ ನಡೆಯಿತು. ದುಡ್ಡು ಇಸಿದುಕೊಳ್ಳಲಿಲ್ಲ, ಚಹಾದ ಬಿಲ್ಲು ಮಾತ್ರ ನನಗೆ ಕೊಡಲು ಬಿಟ್ಟ. ನೀವು ನಿಮ್ಮ ಸೈಕಲ್ಲಿಗೆ ಹೊಂದುವ ಒಂದು ಹ್ಯಾಂಗರ್ ಕೊಂಡು ಚೀಲದಲ್ಲಿಟ್ಟುಕೊಳ್ಳಿ. ಎರಡು ಟ್ಯೂಬ್, ಪಂಪು, ಚೈನ್ ಕೂಡಿಸುವ ಲಿಂಕ್ ಇದ್ದರೆ ಸಾಕು.

ಇನ್ನೊಂದು ಸಾಮಾನು ಖಂಡಿತ ಬೇಕು, ಗಂಟೆ. ಹಳೆಯ ಕಾಲದ ಟ್ರಿಣ್ ಟ್ರಿಣ್ ಗಂಟೆ. ಸೈಕಲ್ಲಿಗೆ ಸದ್ದಿಲ್ಲ, ಕಾಡಿನ ಅಂಚಿನಲ್ಲಿ ಅದೇ ಅಪಾಯ. ಈ ಭಾಗದಲ್ಲಿ ಕರಡಿ ಇವೆ, ಕಾಡುಕೋಣ ಇವೆ. ದಾಂಡೇಲಿ ಕಡೆಯಿಂದ ಆನೆಗಳೂ ಬರುತ್ತವೆ. ದೂರದಿಂದ ಸದ್ದು ಕೇಳಿದರೆ ಕರಡಿ ತಾನೇ ಸರಿದು ಹೋಗುತ್ತದೆ. ತಿರುವಿನಲ್ಲಿ ಸದ್ದಿಲ್ಲದೆ ಅದರ ಮುಂದೆ ಹೋಗಿ ನಿಂತರೆ ಹೆದರಿ ಮೈಮೇಲೆ ಬರುತ್ತದೆ. ಹಾಗಾಗಿ ಪೊದೆ ಒತ್ತಾಗಿರುವ ಪ್ರತಿ ತಿರುವಿಗೂ ಗಂಟೆ ಬಾರಿಸಿ. ಕಿವಿಗೆ ಹಾಡು ಹಾಕಿಕೊಳ್ಳಬೇಡಿ. ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಡಿ, ಸಂಜೆ ಐದರೊಳಗೆ ಊರು ಸೇರಿ. ಹಸಿ ಲದ್ದಿ ಕಂಡರೆ ಫೋಟೊ ತೆಗೆಯುತ್ತಾ ನಿಲ್ಲದೆ ಬಂದ ದಾರಿಗೆ ತಿರುಗಿ. ಹಲಸಿಯಿಂದ ದಕ್ಷಿಣಕ್ಕೆ ನಾಗರಗಾಳಿ ಕಡೆ ಕಾಡು ದಟ್ಟ, ಅತ್ತ ಒಬ್ಬರೇ ಹೋಗಲೇಬೇಡಿ.

ಹಲಸಿಗೆ ಬನ್ನಿ. ಹೊರಗಿನಿಂದ ನೋಡಿದರೆ ಸಾದಾ ಹಳ್ಳಿ. ಕೆಂಪು ಹೆಂಚಿನ ಮನೆ, ಗೊಬ್ಬರದ ತಿಪ್ಪೆ, ಕಬ್ಬು, ಭತ್ತ. ಆದರೆ 1500 ವರ್ಷದ ಹಿಂದೆ ಇದು ಪಲಾಶಿಕಾ. ಬನವಾಸಿಯ ಕದಂಬರಿಗೆ ಎರಡನೇ ರಾಜಧಾನಿ. ಪಲಾಶ ಅಂದರೆ ನಮ್ಮ ಮುತ್ತುಗದ ಮರ. ಕದಂಬರ ಏಳು ಜೊತೆ ತಾಮ್ರಪಟಗಳು ಇಲ್ಲಿ ಸಿಕ್ಕಿವೆ. ತೀರಿಹೋದ ತಂದೆಯ ನೆನಪಿಗೆ ಮೃಗೇಶವರ್ಮ ಇಲ್ಲಿ ಜಿನಾಲಯ ಕಟ್ಟಿಸಿದ್ದು ಅವುಗಳಲ್ಲೊಂದರಲ್ಲಿದೆ. ಅವನ ಮಗ ರವಿವರ್ಮನ ಪಟ ನನಗೆ ಇನ್ನೂ ಇಷ್ಟ. ಮಳೆಗಾಲದ ನಾಲ್ಕು ತಿಂಗಳು ಯತಿಗಳ ಊಟ ನೋಡಿಕೊಳ್ಳಬೇಕು ಅಂತ ಅದರಲ್ಲಿ ಕಟ್ಟಳೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರ ತಾಲ್ಲೂಕಿನಲ್ಲಿ ಮಳೆ ನೋಡಿದವರಿಗೆ ಆ ಮಾತು ಹಳೆಯದು ಅನಿಸುವುದಿಲ್ಲ. ಆಗ ಹಳ್ಳಗಳು ತುಂಬಿ ದಾರಿ ಕಡಿಯುತ್ತವೆ, ಕಾಲಿಗೆ ಉಂಬಳ ಹತ್ತುತ್ತವೆ. ಕೂತಲ್ಲೇ ಕೂರುವ ಕಾಲ ಅದು. ನೀವು ದೀಪಾವಳಿಗೆ ಹೊರಟಿರುವುದು ಸರಿಯಾಗಿದೆ. ಅಲ್ಲಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ.

ಭೂವರಾಹ ನರಸಿಂಹ ದೇವಸ್ಥಾನಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಇದು ಗೋವಾ ಕದಂಬರ ಕಾಲದ್ದು, ಅವರ ರಾಜ ಶಿವಚಿತ್ತ ಪೆರ್ಮಾಡಿಯ 1169ರ ಶಾಸನ ಇದೆ. ಇಲ್ಲಿ ಎರಡು ಗರ್ಭಗುಡಿಗಳು ಎದುರುಬದುರು ಇವೆ. ಒಂದರಲ್ಲಿ ಭೂದೇವಿಯನ್ನು ಎತ್ತಿದ ವರಾಹ, ಎದುರಿಗೆ ಕೂತ ವಿಷ್ಣು. ನಡುವೆ ನಿಂತರೆ ಯಾರಿಗೆ ಮುಖ ಮಾಡಬೇಕು, ಯಾರಿಗೆ ಬೆನ್ನು ತೋರಿಸಬೇಕು ತಿಳಿಯುವುದಿಲ್ಲ. ನಾನು ಪಕ್ಕಕ್ಕೆ ಸರಿದು ಕಂಬಕ್ಕೆ ಒರಗಿ ಕೂರುತ್ತೇನೆ. ಬಿಸಿಲಲ್ಲಿ ತುಳಿದು ಬಂದ ಬೆನ್ನಿಗೆ ಆ ಕಲ್ಲಿನ ತಂಪು ಹತ್ತಿದಾಗ ಎದ್ದು ಹೋಗಲು ಮನಸ್ಸೇ ಬರುವುದಿಲ್ಲ. ಸೈಕಲ್ ಶೂ ಬಾಗಿಲಲ್ಲೇ ಬಿಡಿ, ಹೆಲ್ಮೆಟ್ಟೂ ತೆಗೆಯಿರಿ. ಊರ ಹೊರಗೆ ಇನ್ನೂ ಹಲವು ಹಳೆಯ ಗುಡಿಗಳಿವೆ. ಕೆಲವಕ್ಕೆ ಗದ್ದೆಯ ಬದುವಿನ ಮೇಲೆ ಹೋಗಬೇಕು. ಅಲ್ಲಿ ಸೈಕಲ್ ಹೊಡೆಯಬೇಡಿ, ಕೈಯಲ್ಲಿ ಹಿಡಿದು ನಡೆಯಿರಿ. ಒಡೆದ ಬದು ಮತ್ತೆ ಕಟ್ಟಲು ಒಬ್ಬ ಮನುಷ್ಯನಿಗೆ ಅರ್ಧ ದಿನ ಬೇಕು.

ಹಳ್ಳಿಗಳಲ್ಲಿ ಮರಾಠಿ ಜಾಸ್ತಿ, ಕನ್ನಡವೂ ನಡೆಯುತ್ತದೆ. ಎದುರು ಸಿಕ್ಕ ಹಿರಿಯರಿಗೆ “ರಾಮ್ ರಾಮ್” ಅಂದು ಮಾತು ಶುರು ಮಾಡಿ. ದಾರಿ ಕೇಳಲು ಮೊಬೈಲ್ ನಕ್ಷೆಗಿಂತ ದನ ಕಾಯುವವರೇ ಮೇಲು. ಯಾವ ಹಳ್ಳದಲ್ಲಿ ಇನ್ನೂ ನೀರಿದೆ, ನಿನ್ನೆ ರಾತ್ರಿ ಆನೆ ಯಾವ ಗದ್ದೆಗೆ ಬಂದಿತ್ತು, ಎಲ್ಲ ಅವರಿಗೆ ಗೊತ್ತು.

ರಾತ್ರಿ ಖಾನಾಪುರದಲ್ಲೇ ಉಳಿಯಿರಿ. ಎರಡನೇ ದಿನ ಜಾಂಬೋಟಿ ಮೇಲೆ ಕಣಕುಂಬಿ. ಇದು ಪೂರ್ತಿ ರಸ್ತೆ, ಸ್ವಲ್ಪ ಸ್ವಲ್ಪವೇ ಏರುತ್ತದೆ, ಎರಡೂ ಬದಿ ಮರ. ಓಡಿಸುವುದಕ್ಕೆ ಮೊದಲ ದಿನದಷ್ಟು ಸೊಗಸಿಲ್ಲ. ಆದರೂ ಹೋಗಿ ಅನ್ನುತ್ತೇನೆ. ಯಾಕೆಂದರೆ ನಾನು ಬಾದಾಮಿ ತಾಲ್ಲೂಕಿನವನು. ಪಟ್ಟದಕಲ್ಲಿನ ಗುಡಿಗಳ ಹಿಂದೆ ಹರಿಯುವ ಮಲಪ್ರಭೆಯಲ್ಲಿ ಎಮ್ಮೆಗಳ ಜೊತೆ ಈಜು ಕಲಿತವನು. ನಮಗೆ ಹೊಳೆ ಅಂದರೆ ಅಗಲ, ಆಚೆ ದಡದ ಮನುಷ್ಯ ಚುಕ್ಕಿಯಂತೆ ಕಾಣಬೇಕು. ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ 792 ಮೀಟರ್ ಮೇಲೆ, ಮಾವುಲಿ ದೇವಿ ಗುಡಿಯ ಹತ್ತಿರ ಅದೇ ಹೊಳೆ ಹುಟ್ಟುತ್ತದೆ. ಮೊದಲ ಸಲ ಹೋದಾಗ ಬಗ್ಗಿ ಬೊಗಸೆಗೆ ನೀರು ತುಂಬಿಕೊಂಡೆ. ಈ ನೀರು 304 ಕಿ.ಮೀ. ನಡೆದು, ನಮ್ಮೂರಿನ ಮುಂದೆ ಹಾದು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿದೆ. “ಹೊಳಿ ಹುಟ್ಟೋದ ನೋಡಿದ್ಯಾ? ನನ್ನ ಹೆಸರಿಲೆ ಒಂದು ಹೂವು ಹಾಕಿ ಬಾ” ಅಂದಳು. ಈಗ ಪ್ರತಿ ಸಲ ಹ್ಯಾಂಡಲ್‌ಗೆ ಕಟ್ಟಿದ ಚೀಲದಲ್ಲಿ ಖಾನಾಪುರದ ಸಂತೆಯಿಂದ ಒಂದು ಮೊಳ ಹೂವು ಒಯ್ಯುತ್ತೇನೆ.

ಇನ್ನೊಂದು ಮಾತು. ಇದೇ ಗುಡ್ಡಗಳ ಸಾಲಿನಲ್ಲಿ ಮಹದಾಯಿಯೂ ಹುಟ್ಟುತ್ತಾಳೆ. ಅವಳು ಪಶ್ಚಿಮಕ್ಕೆ ಇಳಿದು ಗೋವಾ ಸೇರುತ್ತಾಳೆ, ನಮ್ಮ ಮಲಪ್ರಭೆ ಪೂರ್ವಕ್ಕೆ ಬರುತ್ತಾಳೆ. ರಸ್ತೆ ಬದಿ ನಿಂತು ಎರಡೂ ದಿಕ್ಕಿಗೆ ಒಮ್ಮೆ ನೋಡಿ. ಬಿದ್ದ ಮಳೆ ಯಾವ ಕಡಲಿಗೆ ಹೋಗಬೇಕು ಅನ್ನುವುದನ್ನು ಆ ಗುಡ್ಡಗಳೇ ತೀರ್ಮಾನಿಸುತ್ತವೆ.

ಮೂರನೇ ದಿನವೂ ರಜೆ ಸಿಕ್ಕಿದರೆ ಕಿತ್ತೂರು ಕಡೆ ದೇಗಾಂವಕ್ಕೆ ಹೋಗಿ. ಹಲಸಿಯ ಶಾಸನದ ಪೆರ್ಮಾಡಿಯ ರಾಣಿ ಕಮಲಾದೇವಿ ಅಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದಳು. ಕೆತ್ತಿದವನು ತಿಪ್ಪೋಜ. ಅಲ್ಲಿ ಕಾಡಿನ ಸವಾರಿ ಇಲ್ಲ, ಗುಡಿಗಾಗಿಯೇ ಹೋಗಬೇಕು.

ನಿಮ್ಮ ಟೈರಿನ ಅಗಲ ಎಷ್ಟು, ಬ್ರೇಕ್ ಡಿಸ್ಕೋ ರಿಮ್ಮೋ, ಜೊತೆಗೆ ಇನ್ನೊಬ್ಬರು ಬರುತ್ತಾರೋ ಅಂತ ಕೆಳಗೆ ಬರೆಯಿರಿ. ಒಬ್ಬರೇ ಆದರೆ ನಂದಗಡದಿಂದ ಹಲಸಿಗೆ ಒಳದಾರಿ ಬಿಟ್ಟು ರಸ್ತೆಯಲ್ಲೇ ಹೋಗಿ. ಇಬ್ಬರಿದ್ದರೆ ಯಾವ ಹಳ್ಳದ ಹತ್ತಿರ ಎಡಕ್ಕೆ ಹೊರಳಬೇಕು ಅಂತ ಗುರುತು ಸಮೇತ ಹೇಳುತ್ತೇನೆ.