ಹನ್ನೊಂದಕ್ಕೇ ಎಚ್ಚರವಾದರೆ

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮಲಗಿದರೂ ಹನ್ನೊಂದಕ್ಕೇ ಎಚ್ಚರವಾಗುತ್ತದೆ ಎಂದು ಬರೆದಿದ್ದೀರಿ. ಆಗುವುದೇ ಹಾಗೆ: ಬೆಳಕು ಕಂಡರೆ ನಿದ್ದೆಗೆ ಅಣಿಮಾಡುವ ಹಾರ್ಮೋನು ಮೆಲಟೋನಿನ್ ತಗ್ಗುತ್ತದೆ, ಹೊತ್ತೇರಿದಂತೆ ಮೈಯ ಉಷ್ಣತೆಯೂ ಏರುತ್ತದೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಎನ್ನುವವರ ಉಪದೇಶ ಬಿಡಿ, ಮೊದಲು ಕಿಟಕಿ ನೋಡಿ. ದಪ್ಪ ಪರದೆಯೊಂದೇ ಸಾಲದು. ಅದರ ಅಂಚಿನಿಂದ ನುಸುಳಿ ದಿಂಬಿನ ಮೇಲೆ ಬೀಳುವ ಗೆರೆಯಷ್ಟು ಬೆಳಕೂ ಸಾಕು, ನಿದ್ದೆ ಕೆಡಿಸಲು. ಅಂಚನ್ನು ಗೋಡೆಗೆ ಅಂಟಿಸಿಬಿಡಿ. ಕಾಫಿಯಲ್ಲಿರುವ ಕೆಫೀನ್ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಹಾಗಾಗಿ ಕೊನೆಯ ಕಾಫಿ ನಡುರಾತ್ರಿಗೇ ಮುಗಿಯಲಿ. ಆಗಲೂ ಎಚ್ಚರವಾದರೆ ಹೊರಳಾಡುತ್ತ ಸಿಟ್ಟಾಗಬೇಡಿ. ಎದ್ದುಬಿಡಿ, ಕೆಲಸಕ್ಕೆ ಹೊರಡುವ ಮುನ್ನ ಸಂಜೆ ಒಂದೂವರೆ ಗಂಟೆ ಮಲಗಿ. ಎರಡು ಕಂತಿನಲ್ಲಿ ನಿದ್ದೆ ಮಾಡುವವರು ಬೇಕಾದಷ್ಟಿದ್ದಾರೆ. ನಿದ್ದೆ ಸರಿಹೋಗುವವರೆಗೆ, ತೂಕಡಿಕೆ ಇರುವ ಬೆಳಿಗ್ಗೆ ನೀವೇ ಗಾಡಿ ಓಡಿಸಿಕೊಂಡು ಮನೆಗೆ ಬರಬೇಡಿ.