ಎರೆ ಹೊಲದ ಗೋಧಿಗೆ ನೀರು ಕೊಡುವ ಬಗೆ

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಎರೆ ಭೂಮಿಯಲ್ಲಿ ಎರಡು ಎಕರೆ ಗೋಧಿ ಬಿತ್ತಿದ್ದೇನೆ. ಕಾಲುವೆಗೆ ನೀರು ಬಂದಾಗ ಹೊಲ ತುಂಬುವಂತೆ ಹಾಯಿಸುತ್ತೇನೆ. ಮೂರ್ನಾಲ್ಕು ದಿನಗಳಲ್ಲಿ ಪೈರು ಹಳದಿಯಾಗುತ್ತದೆ. ಹೋದ ವರ್ಷ ಕಾಳೂ ಜೊಳ್ಳಾಯಿತು. ತುಂತುರು ನೀರಾವರಿ ಮಾಡಿದರೆ ಇಳುವರಿ ಹೆಚ್ಚುತ್ತದೆಯೇ?

ಉತ್ತರ: ನೀರು ಕೊಟ್ಟ ಮೇಲೆ ಪೈರು ಹಳದಿಯಾಗುತ್ತಿದ್ದರೆ, ಬೇರಿಗೆ ಗಾಳಿ ಸಿಗುತ್ತಿಲ್ಲವೆಂದು ಮೊದಲು ಅನುಮಾನಿಸಬೇಕು. ಬಿರುಕು ಬಿಟ್ಟ ಎರೆ ಮಣ್ಣು ಮೊದಲಿಗೆ ನೀರನ್ನು ಬೇಗ ಕುಡಿಯುತ್ತದೆ. ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗುವುದು ಬಹಳ ನಿಧಾನ. ಹೀಗೆ ನೀರು ನಿಂತಾಗ ಬೇರಿನ ಉಸಿರಾಟ ಕುಂದುತ್ತದೆ, ಹಾಕಿದ ಗೊಬ್ಬರದ ಸಾರಜನಕದಲ್ಲಿ ಒಂದು ಪಾಲು ಅನಿಲವಾಗಿ ನಷ್ಟವಾಗುತ್ತದೆ. ಹಳದಿಯಾದ ಜಾಗದಿಂದ ಒಂದು ಗಿಡವನ್ನೂ ಬದುವಿನ ಪಕ್ಕದ ಹಸಿರು ಗಿಡವೊಂದನ್ನೂ ಕಿತ್ತು, ಬೇರು ತೊಳೆದು ಜೋಡಿಸಿ ನೋಡಿ. ಒಂದರ ಬೇರು ಬೆಳ್ಳಗಿದ್ದು ಇನ್ನೊಂದರದು ಕಂದಿದ್ದರೆ ಕಾರಣ ನಿಮ್ಮ ಕೈಯಲ್ಲೇ ಇದೆ.

ಒಂದು ಎಕರೆಗೆ 5 ಸೆಂಟಿಮೀಟರ್ ನೀರು ಕೊಡುವುದೆಂದರೆ ಸುಮಾರು 2 ಲಕ್ಷ ಲೀಟರ್. ಹೊಲದ ಕೊನೆ ಮುಟ್ಟುವವರೆಗೆ ಹಾಯಿಸಿದರೆ ತಲೆಭಾಗಕ್ಕೆ ಇದಕ್ಕಿಂತ ಎಷ್ಟೋ ಹೆಚ್ಚು ಬೀಳುತ್ತದೆ. ಆದ್ದರಿಂದ ನಿಮ್ಮ ಮಣ್ಣಿಗೆ ನಾನು ಮೊದಲು ಸೂಚಿಸುವುದು ಏರುಮಡಿ ಪದ್ಧತಿಯನ್ನು: ಮಡಿಯ ಮೇಲೆ ಎರಡು ಮೂರು ಸಾಲು ಗೋಧಿ, ನಡುವಿನ ಕಾಲುವೆಯಲ್ಲಿ ಮಾತ್ರ ನೀರು, ಕೊನೆಯಲ್ಲಿ ಬಸಿಗಾಲುವೆ. ಈ ವರ್ಷ ಬಿತ್ತನೆ ಮುಗಿದಿರುವುದರಿಂದ ಸಣ್ಣ ಬದುಗಳನ್ನು ಹಾಕಿ, ಇಳಿಜಾರಿಗೆ ತಕ್ಕಂತೆ ಕಿರಿದಾದ ಪಟ್ಟಿಗಳಾಗಿ ಒಡೆದುಕೊಳ್ಳಿ.

ತುಂತುರು ಪದ್ಧತಿ ಒತ್ತಾಗಿ ಬಿತ್ತಿದ ಗೋಧಿಗೆ ಒಗ್ಗುತ್ತದೆ, ನೀರೂ ಉಳಿಯುತ್ತದೆ. ಆದರೆ ಸರದಿಯ ಮೇಲೆ ಬರುವ ಕಾಲುವೆ ನೀರನ್ನು ಕೂಡಿಡಲು ಹೊಂಡ ಬೇಕು. ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ತುಕ್ಕು ರೋಗಕ್ಕೆ ಅನುಕೂಲ. ಉಪ್ಪುನೀರಾದರೆ ಎಲೆ ಸುಡುತ್ತದೆ. ನಿಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳಾದ, ಅಂದರೆ ಉಪ್ಪು ಸೇರಿದ ಭೂಮಿ ಬಹಳಷ್ಟಿದೆ. ಆದ್ದರಿಂದ ಖರ್ಚಿಗೆ ಇಳಿಯುವ ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಲೇಬೇಕು.

ಪದ್ಧತಿ ಯಾವುದಾದರೂ ಬಿತ್ತಿದ 20–25 ದಿನಗಳ ನೀರು ತಪ್ಪಬಾರದು. ಬುಡದಿಂದ ಹೊಸ ಬೇರು ಇಳಿಯುವುದು ಆಗಲೇ. ಅದು ತಪ್ಪಿ ತೆಂಡೆ (ಬುಡದಿಂದ ಒಡೆಯುವ ಕವಲು) ಕಡಿಮೆಯಾದರೆ ಮುಂದೆ ಎಷ್ಟು ನೀರು ಕೊಟ್ಟರೂ ಆ ನಷ್ಟ ತುಂಬುವುದಿಲ್ಲ. ಹೂವು ಮತ್ತು ಹಾಲುಗಾಳಿನ ಹಂತದಲ್ಲಿ ನೀರು ಸಾಲದಿದ್ದರೂ, ಫೆಬ್ರವರಿಯ ಬಿಸಿಲು ಏರಿದರೂ ಕಾಳು ಜೊಳ್ಳಾಗುತ್ತದೆ. ಆಗ ತೆಳುವಾದ ನೀರು ಸಾಕು. ತೆನೆ ಬಂದ ಮೇಲೆ ಗಾಳಿ ಬೀಸುವ ದಿನ ನೀರು ಬಿಟ್ಟರೆ ಪೈರು ಮಲಗುತ್ತದೆ. ಸರದಿ ಬಂತೆಂಬ ಕಾರಣಕ್ಕೇ ಹಾಯಿಸದೆ, ಒಂದು ಗೇಣು ಆಳದ ಮಣ್ಣನ್ನು ತೆಗೆದು ಹಿಸುಕಿ ನೋಡಿ. ಬೆರಳಿಗೆ ಮೆತ್ತಿಕೊಂಡರೆ ಇನ್ನೂ ಕೆಲವು ದಿನ ತಡೆಯಿರಿ.