ಮುಳುಗಿದ ಹಡಗು ಓದಿ ಏನು ಮಾಡ್ತಾಳೆ?

ಓದುಗರ ಪತ್ರ (ಪರ್ತ್, ಆಸ್ಟ್ರೇಲಿಯಾ): ಮಗಳು ಹನ್ನೊಂದನೇ ತರಗತಿಗೆ ಕಾಲಿಡುತ್ತಿದ್ದಾಳೆ. ‘ಮರೀನ್ ಆ್ಯಂಡ್ ಮ್ಯಾರಿಟೈಮ್ ಸ್ಟಡೀಸ್’ ತಗೋತೀನಿ ಅಂತ ಹಟ. ಸಮುದ್ರ ಪರಿಸರದ ನಿರ್ವಹಣೆ, ಮುಳುಗಿದ ಹಡಗುಗಳ ಪುರಾತತ್ವ ಎರಡೂ ಅದರಲ್ಲಿವೆಯಂತೆ. ನಮಗಿದು ಕಲಸುಮೇಲೋಗರ ಅನಿಸುತ್ತೆ. ಬೇಡ ಅನ್ನಲೇ?

ಸಂಪಾದಕರ ಉತ್ತರ: ಬೇಡ ಅನ್ನಬೇಡಿ. ಎರಡೂ ಒಂದೇ ಕಡಲಿನ ಓದು. ಅದಕ್ಕೆ ನೀವಿರುವ ಕರಾವಳಿಗಿಂತ ಒಳ್ಳೆ ಜಾಗ ಸಿಗುವುದು ಕಷ್ಟ.

‘ಕ್ಸಾಂಥೊ’ ಎಂಬ ಕಬ್ಬಿಣದ ಉಗಿಹಡಗು 1872ರಲ್ಲಿ ನಿಮ್ಮದೇ ರಾಜ್ಯದ ಪೋರ್ಟ್ ಗ್ರೆಗರಿಯಲ್ಲಿ ಮುಳುಗಿತು. ನೂರಕ್ಕೂ ಹೆಚ್ಚು ವರ್ಷ ಉಪ್ಪುನೀರಲ್ಲಿದ್ದ ಎಂಜಿನ್ ಮೇಲೆ ತುಕ್ಕು, ಸುಣ್ಣ, ಚಿಪ್ಪು ಸೇರಿ ಕಲ್ಲಿನಂಥ ಪದರ ಕಟ್ಟಿತ್ತು. ಉಪ್ಪು ಲೋಹದ ಒಳಗೂ ಇಳಿದಿರುತ್ತದೆ. ಹಾಗೇ ಎತ್ತಿ ದಡದಲ್ಲಿಟ್ಟರೆ ಗಾಳಿ ತಾಗಿ ಕಬ್ಬಿಣ ಉದುರಿಹೋಗುತ್ತದೆ. ಅದಕ್ಕೇ ತಜ್ಞರು ಆತುರಪಡಲಿಲ್ಲ. ಅಲ್ಲಿನ ನೀರು, ಜೀವಿಗಳು, ಕಬ್ಬಿಣ ತುಕ್ಕು ಹಿಡಿಯುವ ಬಗೆ ಎಲ್ಲವನ್ನೂ ಮೊದಲು ನೋಡಿದರು. ಎಂಜಿನ್‌ಗೆ ಬೇರೆ ಲೋಹದ ತುಂಡು ಜೋಡಿಸಿದರು. ಆ ತುಂಡು ತಾನು ಸವೆಯುತ್ತಾ ಕಬ್ಬಿಣವನ್ನು ಕಾಯುತ್ತದೆ. 1985ರಲ್ಲಿ ಎಂಜಿನ್ ಮೇಲೆ ಬಂತು. ಆಮೇಲೂ ವರ್ಷಗಟ್ಟಲೆ ದ್ರಾವಣದಲ್ಲಿಟ್ಟು ಉಪ್ಪು ಬಿಡಿಸಿದರು. ಇದು ಇತಿಹಾಸವೂ ಹೌದು, ಕೆಮಿಸ್ಟ್ರಿಯೂ ಹೌದು, ಕಡಲಿನ ಜೀವಶಾಸ್ತ್ರವೂ ಹೌದು ಅಲ್ವಾ?

ಇದಕ್ಕೆ ಉಲ್ಟಾ ಆದದ್ದು ‘ವರ್ಗುಲ್ಡ ದ್ರಾಕ್’ ಕಥೆ. ಪರ್ತ್‌ನ ಉತ್ತರಕ್ಕೆ 1656ರಲ್ಲಿ ಒಡೆದ ಡಚ್ ಹಡಗು. 1963ರಲ್ಲಿ ಸಿಕ್ಕಿದ್ದೇ ತಡ, ಬೆಳ್ಳಿ ನಾಣ್ಯದ ಆಸೆಗೆ ಕೆಲವರು ಅಲ್ಲಿ ಸಿಡಿಮದ್ದು ಇಟ್ಟರು. ಅಲ್ಲಿ ಹಡಗಿನ ಜೊತೆ ಕಡಲಬಂಡೆಯ ಜೀವಿಗಳೂ ಛಿದ್ರವಾಗಿರುತ್ತವೆ. ನನಗೆ ಇವತ್ತಿಗೂ ಸಿಟ್ಟು ಬರುವ ಸಂಗತಿ ಇದು. 1964ರಲ್ಲೇ ನಿಮ್ಮ ರಾಜ್ಯ ಇಂಥ ಹಡಗುಗಳ ರಕ್ಷಣೆಗೆ ಕಾನೂನು ತಂದಿತು. ಈಗ 75 ವರ್ಷ ದಾಟಿದ ಹಡಗಿಗೆ ರಾಷ್ಟ್ರೀಯ ಕಾನೂನಿನ ರಕ್ಷಣೆ ತಾನಾಗಿಯೇ ಸಿಗುತ್ತದೆ.

ಕಡಲಲ್ಲಿ ಏನನ್ನು ಮುಟ್ಟಬಹುದು, ಎಷ್ಟು ತೆಗೆಯಬಹುದು, ಯಾರು ತೀರ್ಮಾನಿಸಬೇಕು? ಮೀನುಗಾರಿಕೆಯಲ್ಲೂ ಇದೇ ಪ್ರಶ್ನೆ. 1629ರಲ್ಲಿ ‘ಬಟಾವಿಯಾ’ ಎಂಬ ಡಚ್ ಹಡಗು ಒಡೆದ ಅಬ್ರೊಲ್ಹೋಸ್ ದ್ವೀಪಗಳ ಸುತ್ತ ಇಂದೂ ಲಾಬ್‌ಸ್ಟರ್ ಹಿಡಿಯುತ್ತಾರೆ. ಕಡಲು ಬರಿದಾಗದಂತೆ ಹಿಡಿಯುವುದಕ್ಕೆ ಕೊಡುವ ಎಂಎಸ್‌ಸಿ (ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಪ್ರಮಾಣಪತ್ರ, ಜಗತ್ತಿನಲ್ಲೇ ಮೊದಲು, 2000ದಲ್ಲಿ, ಸಿಕ್ಕಿದ್ದು ನಿಮ್ಮ ಕರಾವಳಿಯ ಈ ಲಾಬ್‌ಸ್ಟರ್ ಮೀನುಗಾರಿಕೆಗೆ.

ನಮ್ಮವರಿಗೂ ಈ ದಾರಿ ಹೊಸದಲ್ಲ. ಹರಪ್ಪಾ ಕಾಲದ ಲೋಥಲ್ ಅಗೆಸಿದ ಪುರಾತತ್ವಜ್ಞ ಶಿಕಾರಿಪುರ ರಂಗನಾಥ ರಾವ್ ತಮ್ಮ ಅರವತ್ತರ ವಯಸ್ಸಿನ ಆಸುಪಾಸಿನಲ್ಲಿ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ತಂಡದೊಂದಿಗೆ ದ್ವಾರಕೆಯ ಕಡಲಿಗೆ ಕೈ ಹಾಕಿದರು.

ಇನ್ನು ಕೆಲಸದ ಮಾತು. ಹಡಗು ಪುರಾತತ್ವದ ಹುದ್ದೆಗಳು ಕಡಿಮೆ, ಇದನ್ನು ಮಗಳಿಗೆ ನೇರವಾಗಿ ಹೇಳಿ. ಆದರೆ ಮೀನುಗಾರಿಕೆ ಇಲಾಖೆ, ಬಂದರು, ಕರಾವಳಿ ನಿರ್ವಹಣೆ, ಮ್ಯೂಸಿಯಂ ಎಲ್ಲ ಕಡೆ ಈ ಓದು ಉಪಯೋಗಕ್ಕೆ ಬರುತ್ತದೆ. ವಿಶ್ವವಿದ್ಯಾಲಯಕ್ಕೆ ಹೋಗುವ ಮನಸ್ಸಿದ್ದರೆ ಎಟಿಎಆರ್ (ವಿಶ್ವವಿದ್ಯಾಲಯ ಪ್ರವೇಶದ ರ‍್ಯಾಂಕಿಗೆ ಲೆಕ್ಕಕ್ಕೆ ಬರುವ) ಕೋರ್ಸನ್ನೇ ತಗೊಳ್ಳಲಿ, ಜನರಲ್ ಅಲ್ಲ. ಕೆಮಿಸ್ಟ್ರಿ ಮಾತ್ರ ಯಾವ ಕಾರಣಕ್ಕೂ ಬಿಡದಿರಲಿ.

ಫಾರ್ಮ್ ತುಂಬುವ ಮೊದಲು ಒಂದು ಭಾನುವಾರ ಮನೆಮಂದಿಯೆಲ್ಲ ಫ್ರೀಮ್ಯಾಂಟಲ್‌ನ ಹಡಗು ಮ್ಯೂಸಿಯಂಗೆ ಹೋಗಿ ಬನ್ನಿ. ಕ್ಸಾಂಥೊ ಎಂಜಿನ್ ಅಲ್ಲೇ ಇದೆ. ಹತ್ತಿರದ ಕೂಗೀ ಬೀಚ್‌ನಲ್ಲಿ 1905ರಲ್ಲಿ ದಡಕ್ಕೆ ಬಡಿದ ‘ಓಮಿಯೊ’ ಹಡಗನ್ನು ಸ್ನಾರ್ಕೆಲ್ ಹಾಕಿಕೊಂಡೇ ನೋಡಬಹುದು. ಅಲ್ಲಿ ಏನು ಕಂಡಳು ಅಂತ ಅವಳೇ ನಮಗೊಂದು ಪತ್ರ ಬರೆಯಲಿ. ಖಂಡಿತ ಅಚ್ಚು ಹಾಕುತ್ತೇವೆ.